ರಸವಿದ್ಯೆ, ಚಿನ್ನ, ಶ್ರೀಶೈಲ: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಧ್ರದ ಆದೋನಿ, ಆಲೂರು, ಕೌತಾಳಂ, ರಾಯದುರ್ಗ ಕಡೆ ಬಹಳ ಮನೆಗಳಲ್ಲಿ ಮಾತು ಕನ್ನಡ, ಬಜಾರಿಗೆ ಹೋದರೆ ತೆಲುಗು. ಯುಗಾದಿ ಹತ್ತಿರ ಬಂತೆಂದರೆ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನ ಕಡೆ ನಡೆಯುವವರು ನಮ್ಮ ಊರುಗಳ ಮೇಲೇ ಹಾದು ಹೋಗುತ್ತಾರೆ. ಅವರ ಜೊತೆ ಸಿದ್ಧರ ಕಥೆ, ಪರುಷಮಣಿಯ ಕಥೆ, ಚಿನ್ನವಾದ ಬೆಟ್ಟದ ಕಥೆಗಳೂ ಬರುತ್ತವೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಮಕ್ಕಳೂ ದೊಡ್ಡವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ರಸವಿದ್ಯೆ ಅಂದ್ರೆ ಏನು? ಬರೀ ಚಿನ್ನ ಮಾಡೋದಾ?

ಇಲ್ಲ. ಅದಕ್ಕೆ ಎರಡು ಗುರಿ ಇದ್ದವು. ಒಂದು, ತಾಮ್ರ, ಸೀಸದಂಥ ಲೋಹವನ್ನು ಚಿನ್ನ ಮಾಡುವುದು. ಇನ್ನೊಂದು, ಮನುಷ್ಯನ ಮೈಯನ್ನು ಮುಪ್ಪು, ರೋಗ, ಸಾವು ತಟ್ಟದ ಹಾಗೆ ಮಾಡುವುದು. ನಮ್ಮ ರಸಗ್ರಂಥಗಳು ಮೊದಲನೆಯದನ್ನು ಲೋಹಸಿದ್ಧಿ, ಎರಡನೆಯದನ್ನು ದೇಹಸಿದ್ಧಿ ಎನ್ನುತ್ತವೆ. ಸಿದ್ಧರಿಗೆ ಎರಡನೆಯದೇ ದೊಡ್ಡದು. ಲೋಹದ ಮೇಲಿನ ಕೆಲಸ ಅವರಿಗೆ ಪರೀಕ್ಷೆ ಇದ್ದಂತೆ. ಲೋಹವನ್ನು ಗೆದ್ದ ರಸ (ಪಾದರಸ) ಮಾತ್ರ ಮೈಗೆ ಯೋಗ್ಯ ಎಂಬ ಲೆಕ್ಕ.

ಶ್ರೀಶೈಲದಲ್ಲಿ ನಿಜವಾಗ್ಲೂ ಚಿನ್ನ ಮಾಡ್ತಿದ್ರಾ?

ಚಿನ್ನ ಮಾಡಲಿಲ್ಲ. ಮಾಡಲು ಪ್ರಯತ್ನಪಟ್ಟವರು ಮಾತ್ರ ಅಲ್ಲಿದ್ದರು. ಶ್ರೀಶೈಲದ ಹಳೆಯ ಹೆಸರು ಶ್ರೀಪರ್ವತ, ಅದಕ್ಕೆ ರಸವಿದ್ಯೆಯ ಬೆಟ್ಟವೆಂಬ ಖ್ಯಾತಿ ಬಂದು ಸಾವಿರ ವರ್ಷದ ಮೇಲಾಯಿತು. 7ನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ತನ್ನ ‘ಕಾದಂಬರಿ’ ಎಂಬ ಸಂಸ್ಕೃತ ಕೃತಿಯಲ್ಲಿ ದ್ರಾವಿಡ ದೇಶದ ಒಬ್ಬ ಮುದಿ ಸಾಧಕನನ್ನು ತರುತ್ತಾನೆ. ಆತನಿಗೆ ಶ್ರೀಪರ್ವತದ ಅದ್ಭುತ ಕಥೆಗಳು ಸಾವಿರ ಗೊತ್ತು. ಲೋಹ ಬದಲಿಸುವ ಹುಚ್ಚು ಬೇರೆ. ಸರಿಯಾಗಿ ತಯಾರಾಗದ ರಸಾಯನ ತಿಂದು ಜ್ವರ ಬರಿಸಿಕೊಂಡವನು. ಗಂಗೆಯ ಬಯಲಲ್ಲಿ ಕೂತ ಕವಿಗೂ ನಮ್ಮ ನಲ್ಲಮಲ ಬೆಟ್ಟದ ಸುದ್ದಿ ಮುಟ್ಟಿತ್ತು ಅಂದಮೇಲೆ ಇಲ್ಲಿನ ಮಾತು ಎಷ್ಟು ದೂರ ಹಬ್ಬಿತ್ತು ಯೋಚಿಸಿ.

ನಿತ್ಯನಾಥ ಸಿದ್ಧನ ರಸರತ್ನಾಕರದಲ್ಲಿ ಶ್ರೀಪರ್ವತದ ಸಾಧನೆಗೇ ಒಂದು ಭಾಗ ಇದೆ. ಈ ಬೆಟ್ಟದ ಕೊಳ, ಕಲ್ಲು, ಗಿಡಗಳಲ್ಲಿ ಎಂಥ ಶಕ್ತಿ ಇದೆ ಎಂದು ಅದು ವಿವರಿಸುತ್ತದೆ. ಅದನ್ನು ಭೂಪಟವೆಂದು ನಂಬಿ ಕಾಡಿಗೆ ಹೊರಡಬೇಡಿ. ನಲ್ಲಮಲ ಈಗ ಹುಲಿ ಅಭಯಾರಣ್ಯ.

ಮಲ್ಲಿಕಾರ್ಜುನನ ಗುಡಿಗೆ ಹೋದಾಗ ಹೊರಗಿನ ಪ್ರಾಕಾರದ ಗೋಡೆಯನ್ನು ನಿಧಾನವಾಗಿ ಸುತ್ತಿ. ದರ್ಶನದ ಅವಸರದಲ್ಲಿ ಬಹಳ ಜನ ಅದನ್ನು ನೋಡುವುದೇ ಇಲ್ಲ. ವಿಜಯನಗರ ಕಾಲದ ಆ ಕಲ್ಲುಗಳಲ್ಲಿ ಆನೆ, ಕುದುರೆ, ಬೇಟೆಯ ನಡುವೆ ಯೋಗಿಗಳು, ಸಿದ್ಧರು ಸಾಲಾಗಿ ಕೂತಿದ್ದಾರೆ. ಈ ಬೆಟ್ಟ ಯಾರ ಬೀಡಾಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಬೇಡ.

ನಾಗಾರ್ಜುನ ಅಂದ್ರೆ ಯಾವ ನಾಗಾರ್ಜುನ?

ಒಬ್ಬನೇ ಅಲ್ಲ. ಬೌದ್ಧ ತತ್ವಜ್ಞಾನಿ ನಾಗಾರ್ಜುನ ಸುಮಾರು 2ನೇ ಶತಮಾನದವನು. ರಸವಿದ್ಯೆಯ ಗ್ರಂಥಗಳಿಗೆ ಅಂಟಿದ ನಾಗಾರ್ಜುನ ಎಷ್ಟೋ ಶತಮಾನ ಈಚಿನವನು. ಜನರ ಬಾಯಲ್ಲಿ ಇಬ್ಬರೂ ಸೇರಿಹೋದರು. 7ನೇ ಶತಮಾನದಲ್ಲಿ ಬಂದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೇಳಿದ ಕಥೆಯಲ್ಲಿ, ಶಾತವಾಹನ ರಾಜನ ಬೊಕ್ಕಸ ಖಾಲಿಯಾಗಿ ವಿಹಾರದ ಕೆಲಸ ನಿಂತಾಗ ನಾಗಾರ್ಜುನ ಕಲ್ಲುಗಳ ಮೇಲೆ ರಸ ಹನಿಸಿ ಚಿನ್ನ ಮಾಡಿಕೊಡುತ್ತಾನೆ. ಆತ ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಅದೇ.

ಕೃಷ್ಣೆಯ ಕೆಳದಂಡೆಯ ನಾಗಾರ್ಜುನಕೊಂಡ ಬೇರೆ ಜಾಗ. ಅಲ್ಲಿನ ಶಾಸನಗಳಲ್ಲೂ ಶ್ರೀಪರ್ವತ ಎಂಬ ಹೆಸರಿದೆ. ಗೊಂದಲಕ್ಕೆ ಅದೂ ಒಂದು ಕಾರಣ.

ಅಲ್ಲಮಪ್ರಭು, ಗೋರಕ್ಷನ ಕಥೆ ಇದಕ್ಕೆ ಸಂಬಂಧಪಟ್ಟದ್ದಾ?

ನೇರವಾಗಿ ಸಂಬಂಧ ಇದೆ. ಗೋರಕ್ಷ ದೇಹಸಿದ್ಧಿ ಪಡೆದವನು, ಅವನದು ವಜ್ರಕಾಯ. ಕತ್ತಿ ಕೊಟ್ಟು ಹೊಡೆದು ನೋಡು ಎನ್ನುತ್ತಾನೆ. ಅಲ್ಲಮ ಹೊಡೆದರೆ ಖಣಿಲ್ ಎಂದು ಸದ್ದಾಗುತ್ತದೆ, ಮೈಗೆ ಏನೂ ಆಗುವುದಿಲ್ಲ. ಸದ್ದು ಬಂದ ಮೇಲೆ ಅದು ಇನ್ನೂ ಒಂದು ವಸ್ತುವೇ ಅಲ್ವಾ ಎಂಬುದು ಅಲ್ಲಮನ ಪ್ರಶ್ನೆ. ಆಮೇಲೆ ಗೋರಕ್ಷ ಅದೇ ಕತ್ತಿ ಬೀಸಿದರೆ ಅದು ಅಲ್ಲಮನ ಮೈಯಲ್ಲಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. 15ನೇ ಶತಮಾನದಲ್ಲಿ ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳು ಈ ಪ್ರಸಂಗವನ್ನು ಹೇಳುತ್ತವೆ.

ಶರಣರು ರಸಸಿದ್ಧರ ನಡುವೆಯೇ ಓಡಾಡಿದವರು. ಸೊಲ್ಲಾಪುರದ ಸಿದ್ಧರಾಮನೂ ಶ್ರೀಶೈಲಕ್ಕೆ ಹೋದವನು, ಅಕ್ಕಮಹಾದೇವಿಯೂ ಅಲ್ಲಿಗೇ ಹೋದಳು. ಆ ವಿದ್ಯೆ ಗೊತ್ತಿದ್ದೇ ಅದನ್ನು ಪ್ರಶ್ನಿಸಿದರು. ಮೈಯನ್ನು ಗಟ್ಟಿ ಮಾಡಿಕೊಳ್ಳುವ ಆಸೆಯನ್ನು ಇಷ್ಟು ನೇರವಾಗಿ ಕೇಳಿದ ಸಾಹಿತ್ಯ ಕನ್ನಡದಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಇದೆಲ್ಲ ನಮ್ಮಲ್ಲೇ ಹುಟ್ಟಿದ್ದಾ?

ಹಲವು ಕಡೆ ಹುಟ್ಟಿತು, ಹಲವು ಕಡೆ ಬೆರೆಯಿತು. ಈಜಿಪ್ಟಿನಲ್ಲಿ ಸುಮಾರು 300ನೇ ಇಸವಿಯ ಹೊತ್ತಿಗೆ ಜೋಸಿಮೋಸ್ ಎಂಬವನು ಗ್ರೀಕ್ ಭಾಷೆಯಲ್ಲಿ ಭಟ್ಟಿಯ ಪಾತ್ರೆಗಳ ಬಗ್ಗೆ ಬರೆದ. ತನಗಿಂತ ಮುಂಚಿನ ಮರಿಯಾ ಎಂಬ ಯಹೂದಿ ಹೆಣ್ಣುಮಗಳನ್ನು ಆತ ಗುರುವಿನಂತೆ ನೆನೆಯುತ್ತಾನೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಮೆಲ್ಲಗೆ ಕಾಯಿಸುವ ವಿಧಾನಕ್ಕೆ ಫ್ರೆಂಚರಲ್ಲಿ ಇಂದಿಗೂ ಅವಳ ಹೆಸರೇ. ಚೀನಾದಲ್ಲಿ 4ನೇ ಶತಮಾನದ ಗೆ ಹೊಂಗ್ ಅಮರತ್ವದ ಗುಳಿಗೆಗಳ ಬಗ್ಗೆ ಬರೆದ. ಅಂಥ ಗುಳಿಗೆ ನುಂಗಿ ಟ್ಯಾಂಗ್ ವಂಶದ ಹಲವು ಚಕ್ರವರ್ತಿಗಳು ಸತ್ತರು.

ಅರಬ್ಬರು ಈ ವಿದ್ಯೆಗೆ ಶಿಸ್ತು ತಂದರು. ಲೋಹಗಳೆಲ್ಲ ಪಾದರಸ, ಗಂಧಕಗಳಿಂದ ಆದವು ಎಂಬ ವಾದ ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನ ಗ್ರಂಥಗಳಲ್ಲಿದೆ. ಅಲ್ ರಾಜಿ ಎಂಬ ವೈದ್ಯ ಪದಾರ್ಥಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ. ಇಬ್ನ್ ಸೀನಾ ಮಾತ್ರ, ನೀವು ಬಣ್ಣ ಬದಲಿಸುತ್ತೀರಿ, ಲೋಹವನ್ನಲ್ಲ ಎಂದು ಸಾವಿರ ವರ್ಷದ ಹಿಂದೆಯೇ ಹೇಳಿಬಿಟ್ಟ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ನಮ್ಮ ರಸಾಯನವನ್ನೂ ನಾಗಾರ್ಜುನನನ್ನೂ ಹೆಸರಿಸಿ, ಚಿನ್ನದಾಸೆಯನ್ನು ಕಟುವಾಗಿ ಟೀಕಿಸಿದ್ದಾನೆ. 12ನೇ ಶತಮಾನದಲ್ಲಿ ಅರಬ್ಬೀ ಗ್ರಂಥಗಳು ಲ್ಯಾಟಿನ್‌ಗೆ ಬಂದ ಮೇಲೆ ಯೂರೋಪಿನಲ್ಲಿ ಒಲೆ ಹೊತ್ತಿತು.

ಎಲ್ಲರೂ ಪಾದರಸದ ಹಿಂದೆಯೇ ಬಿದ್ದದ್ದು ಯಾಕೆ?

ಅದರ ನಡತೆ ನೋಡಿದರೆ ಯಾರಾದರೂ ಬೀಳುತ್ತಾರೆ. ಇಂಗಳೀಕ ಎಂಬ ಕೆಂಪು ಕಲ್ಲನ್ನು ಕಾಯಿಸಿ. ಅದರಿಂದ ಬೆಳ್ಳಿ ಬಣ್ಣದ ದ್ರವ ಹೊರಡುತ್ತದೆ. ಲೋಹವೇ, ಆದರೆ ಹರಿಯುತ್ತದೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಕೈಗೆ ಸಿಕ್ಕಂತೆ ಕಾಣುತ್ತದೆ, ಸಿಗುವುದಿಲ್ಲ. 357 ಡಿಗ್ರಿಗೆ ಆವಿಯಾಗಿ ಮಾಯವಾಗುತ್ತದೆ, ತಣ್ಣಗಾದರೆ ಮತ್ತೆ ಪ್ರತ್ಯಕ್ಷ. ಚಿನ್ನವನ್ನು ಹಾಕಿದರೆ ನುಂಗುತ್ತದೆ, ಬೆಂಕಿಗಿಟ್ಟರೆ ಹಾಗೇ ವಾಪಸ್ ಕೊಡುತ್ತದೆ. ಗಂಧಕದ ಜೊತೆ ಕಲ್ವದಲ್ಲಿ ಗಂಟೆಗಟ್ಟಲೆ ಅರೆದರೆ ಹೊಳಪೆಲ್ಲ ಅಡಗಿ ಕಾಡಿಗೆಯಂಥ ಕರಿಪುಡಿ ಆಗುತ್ತದೆ, ಅದೇ ಕಜ್ಜಲಿ. ಆ ಕರಿಪುಡಿಯನ್ನು ಗಾಜಿನ ಕುಪ್ಪಿಗೆ ತುಂಬಿ ಮರಳಿನ ನಡುವೆ ಹೂತು ಕಾಯಿಸಿದರೆ ಕುಪ್ಪಿಯ ಕತ್ತಿನಲ್ಲಿ ಕೆಂಪು ಹರಳು ಕಟ್ಟುತ್ತದೆ, ಅದು ರಸಸಿಂಧೂರ. ಕೆಂಪು ಕಲ್ಲಿನಿಂದ ಹೊರಟು, ಬೆಳ್ಳಿಯಾಗಿ, ಕಪ್ಪಾಗಿ, ಮತ್ತೆ ಅದೇ ಕೆಂಪಿಗೆ ಬಂದು ನಿಂತಿತು. ಸತ್ತು ಹುಟ್ಟುವುದನ್ನು ಕಣ್ಣೆದುರು ನೋಡಿದವನಿಗೆ ಇದನ್ನು ಹಿಡಿದರೆ ಸಾವನ್ನೂ ಹಿಡಿಯಬಹುದು ಅನ್ನಿಸಿದ್ದು ಸಹಜ.

ಪಾದರಸಕ್ಕೆ ಕೊಡುವ 18 ಸಂಸ್ಕಾರಗಳನ್ನು ನಮ್ಮ ಗ್ರಂಥಗಳು ಸಾಲಾಗಿ ಹೇಳುತ್ತವೆ. ಬೇಯಿಸುವುದು, ಅರೆಯುವುದು, ಮೂರ್ಛೆಗೊಳಿಸುವುದು, ಎಬ್ಬಿಸುವುದು, ಆವಿಯಾಗಿ ಮೇಲಕ್ಕೆ ಏರಿಸುವುದು, ಕೆಳಕ್ಕೆ ಇಳಿಸುವುದು, ಹೀಗೆ. ಇದರಲ್ಲಿ ಮಂತ್ರ ಇದೆ ನಿಜ. ಆದರೆ ಎಷ್ಟು ಹೊತ್ತು, ಎಂಥ ಪಾತ್ರೆ, ಎಂಥ ಉರಿ ಎಂಬ ಲೆಕ್ಕವೂ ಇದೆ. ಆ ಲೆಕ್ಕಕ್ಕೆ ನಾನು ಕೈ ಮುಗಿಯುತ್ತೇನೆ.

ನಮ್ಮಜ್ಜ ತಾಮ್ರ ಚಿನ್ನ ಆಗಿದ್ದನ್ನ ಕಣ್ಣಾರೆ ನೋಡಿದ್ರಂತೆ. ಸುಳ್ಳಾ?

ಅಜ್ಜ ಸುಳ್ಳು ಹೇಳಿರಲಾರರು. ಅವರು ಕಂಡದ್ದು ಚಿನ್ನದ ಬಣ್ಣ. ಚಿನ್ನವನ್ನು ಪಾದರಸದಲ್ಲಿ ಕರಗಿಸಿದರೆ ಬೆಳ್ಳಗಿನ ಬೆಣ್ಣೆಯಂಥ ಮುದ್ದೆ ಸಿಗುತ್ತದೆ. ಅದನ್ನು ತಾಮ್ರದ ಮೇಲೆ ಸವರಿ ಬೆಂಕಿಗೆ ಹಿಡಿದರೆ ಪಾದರಸ ಹಾರಿಹೋಗಿ ಚಿನ್ನ ತೆಳ್ಳಗೆ ಕೂತುಬಿಡುತ್ತದೆ. ಗುಡಿಯ ಕಳಸಗಳಿಗೆ ಚಿನ್ನ ಏರಿಸುತ್ತಿದ್ದದ್ದೂ ಹೀಗೆಯೇ. ನೋಡುವವರ ಕಣ್ಣಿಗೆ ಮಾತ್ರ ಯಾರೋ ಬಿಳಿ ಮುದ್ದೆ ಹಚ್ಚಿದರು, ತಾಮ್ರ ಚಿನ್ನವಾಯಿತು. ಇನ್ನೊಂದು ದಾರಿ ಹಿತ್ತಾಳೆ. ತಾಮ್ರದ ಜೊತೆ ಸತುವಿನ ಅದಿರನ್ನೂ ಇದ್ದಿಲನ್ನೂ ಮೂಸೆಯಲ್ಲಿಟ್ಟು ಊದಿದರೆ ಕೆಂಪು ತಾಮ್ರ ಹಳದಿಯಾಗಿ ಹೊರಬರುತ್ತದೆ.

ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ನೈಟ್ರಿಕ್ ಆಸಿಡ್ ಹನಿಸಿದರೆ ಹಿತ್ತಾಳೆಯ ಗೆರೆ ಅಳಿಸುತ್ತದೆ, ಚಿನ್ನದ್ದು ಉಳಿಯುತ್ತದೆ. ಅಕ್ಕಸಾಲಿಗರನ್ನು ಮೋಸ ಮಾಡುವುದು ರಸವಾದಿಗಳಿಗೆ ಸುಲಭವಾಗಿರಲಿಲ್ಲ.

ಹಾಗಾದ್ರೆ ಅವರು ಮಾಡಿದ್ದೆಲ್ಲ ವ್ಯರ್ಥ ಆಯ್ತಾ?

ಈ ಪ್ರಶ್ನೆಗೇ ನಾನು ಈ ಪುಟ ಬರೆಯಲು ಕೂತದ್ದು. ವ್ಯರ್ಥ ಆಗಲಿಲ್ಲ. ಚಿನ್ನ ಸಿಗಲಿಲ್ಲ, ಕೈಕೆಲಸ ಬೆಳೆಯಿತು.

ಸತುವನ್ನೇ ನೋಡಿ. ಕಬ್ಬಿಣ, ತಾಮ್ರದ ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ತಳಕ್ಕಿಳಿಯುತ್ತದೆ. ಸತುವಿನ ಕಥೆ ಬೇರೆ. ಅದಿರಿನಿಂದ ಬಿಡಿಸಿಕೊಳ್ಳಲು ಸಾವಿರ ಡಿಗ್ರಿ ಶಾಖ ಬೇಕು, ಆದರೆ ಸತು 907 ಡಿಗ್ರಿಗೇ ಆವಿಯಾಗುತ್ತದೆ. ಅಂದರೆ ಹುಟ್ಟುತ್ತಲೇ ಹೊಗೆಯಾಗಿ ಹಾರಿ, ಗಾಳಿ ಸೋಕಿದ ಕೂಡಲೇ ಬಿಳಿ ಬೂದಿಯಾಗುತ್ತದೆ. ಇದನ್ನು ಹಿಡಿಯುವ ಉಪಾಯ ನಮ್ಮವರಿಗೆ ಹೊಳೆಯಿತು. ರಸರತ್ನಸಮುಚ್ಚಯದಲ್ಲಿ ಬದನೆಕಾಯಿ ಆಕಾರದ ಮೂಸೆಯ ವಿವರ ಇದೆ, ಅದಕ್ಕೆ ಉದ್ದನೆಯ ನಳಿಗೆ. ಮೂಸೆಯನ್ನು ತಲೆಕೆಳಗಾಗಿ ನಿಲ್ಲಿಸಿ ಮೇಲೆ ಉರಿ ಹಾಕಬೇಕು. ಆವಿ ನಳಿಗೆಯಲ್ಲಿ ಕೆಳಕ್ಕೆ ಇಳಿದು ತಣ್ಣಗಿರುವ ಪಾತ್ರೆಯಲ್ಲಿ, ಅನ್ನದ ತಪ್ಪಲೆಯ ಮುಚ್ಚಳದ ಮೇಲೆ ನೀರು ಹನಿಗಟ್ಟುವ ಹಾಗೆ, ಲೋಹವಾಗಿ ಹನಿಗಟ್ಟುತ್ತದೆ. ಉದಯಪುರದ ಹತ್ತಿರ ಜಾವರ್‌ನಲ್ಲಿ ಇಂಥ ಮೂಸೆಗಳು ಒಲೆಯ ಜಾಗದಲ್ಲೇ ಸಿಕ್ಕಿವೆ, ರಾಶಿ ರಾಶಿಯಾಗಿ ಬಿದ್ದಿವೆ. ಬರೆದದ್ದೂ ಮಾಡಿದ್ದೂ ಒಂದಕ್ಕೊಂದು ಹೊಂದುತ್ತವೆ. ಯೂರೋಪಿನಲ್ಲಿ ವಿಲಿಯಂ ಚಾಂಪಿಯನ್ ಕೆಳಮುಖವಾಗಿ ಸತು ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ, ನಮ್ಮವರಿಗಿಂತ ಶತಮಾನಗಳ ನಂತರ.

ಬೇರೆ ದೇಶದ್ದೂ ಹೀಗೇ. ಸಾಯದಿರುವ ಮದ್ದು ಹುಡುಕುತ್ತಿದ್ದ ಚೀನಾದವರಿಗೆ 9ನೇ ಶತಮಾನದಲ್ಲಿ ಸಿಡಿಮದ್ದು ಸಿಕ್ಕಿತು. ಗಂಧಕ, ಪೆಟ್ಲುಪ್ಪು, ಜೇನು ಸೇರಿಸಿ ಕಾಯಿಸಿದವರ ಕೈ ಮುಖ ಸುಟ್ಟು ಮನೆಯೇ ಉರಿದುಹೋಯಿತು ಎಂಬ ಎಚ್ಚರಿಕೆ ಅವರ ಗ್ರಂಥದಲ್ಲಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೆನ್ನಿಗ್ ಬ್ರಾಂಟ್ ಎಂಬವನು ಮೂತ್ರದ ಹಳದಿಯಲ್ಲಿ ಚಿನ್ನ ಇದ್ದೀತೆಂದು ಕುದಿಸಿ ಕುದಿಸಿ 1669ರಲ್ಲಿ ಕತ್ತಲಲ್ಲಿ ಹೊಳೆಯುವ ರಂಜಕವನ್ನು ಪಡೆದ. ಕಡ್ಡಿಪೆಟ್ಟಿಗೆಯ ಪಕ್ಕದಲ್ಲಿ ನಾವು ಗೀರುವುದು ಅದರದೇ ಕೆಂಪು ರೂಪದ ಮೇಲೆ. ಸ್ಯಾಕ್ಸನಿಯ ದೊರೆ ಚಿನ್ನ ಮಾಡಿಕೊಡು ಎಂದು ಬೋಟ್ಗರ್ ಎಂಬ ಹುಡುಗನನ್ನು ಕೂಡಿಹಾಕಿದ್ದ. ಆತನ ಒಲೆಯಿಂದ 1708ರಲ್ಲಿ ಹೊರಬಂದದ್ದು ಪಿಂಗಾಣಿ. ನೈಟ್ರಿಕ್ ಆಸಿಡ್, ಚಿನ್ನವನ್ನೂ ಕರಗಿಸುವ ಅಕ್ವಾ ರೀಜಿಯಾ ಕೂಡ ರಸವಾದಿಗಳ ಮನೆಯಿಂದಲೇ ಬಂದವು.

ನ್ಯೂಟನ್ ಕೂಡ ಇದನ್ನ ನಂಬಿದ್ರಾ?

ಹೌದು. ಈ ವಿಷಯದ ಮೇಲೆ ಅವರು ಬರೆದಿಟ್ಟದ್ದು ಸುಮಾರು ಹತ್ತು ಲಕ್ಷ ಪದ. ಬದುಕಿದ್ದಾಗ ಪ್ರಕಟಿಸಲಿಲ್ಲ. 1936ರಲ್ಲಿ ಹಸ್ತಪ್ರತಿಗಳು ಹರಾಜಾದಾಗ ಅರ್ಥಶಾಸ್ತ್ರಜ್ಞ ಕೇನ್ಸ್ ಬಹಳಷ್ಟನ್ನು ಕೊಂಡರು. ನ್ಯೂಟನ್ನರ ಕೂದಲಲ್ಲಿ ಪಾದರಸ ಜಾಸ್ತಿ ಇತ್ತೆಂದು 1979ರಲ್ಲಿ ಪ್ರಕಟವಾದ ಪರೀಕ್ಷೆಗಳು ಹೇಳಿದವು.

ಇದು ರಸಾಯನಶಾಸ್ತ್ರ ಆಗಿದ್ದು ಯಾವಾಗ?

ಒಂದು ದಿನ ಹೇಳಲು ಬರುವುದಿಲ್ಲ. ರಾಬರ್ಟ್ ಬಾಯ್ಲ್ 1661ರಲ್ಲಿ ಹಳೆಯ ಮೂಲತತ್ವಗಳನ್ನು ಪ್ರಶ್ನಿಸಿದರು, ಆದರೂ ಲೋಹ ಬದಲಾಗುತ್ತದೆ ಎಂದು ನಂಬಿದ್ದರು. ಚಿನ್ನ ಹೆಚ್ಚಿಸುವುದನ್ನು ನಿಷೇಧಿಸಿದ್ದ 1404ರ ಇಂಗ್ಲೆಂಡಿನ ಕಾಯ್ದೆ 1689ರಲ್ಲಿ ರದ್ದಾಗುವುದಕ್ಕೆ ಅವರ ಒತ್ತಾಯವೂ ಕಾರಣ. ನಿಜವಾದ ತಿರುವು ತಕ್ಕಡಿಯಿಂದ ಬಂತು. ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ಪ್ರಯೋಗದಲ್ಲಿ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ತೂಗಿ, 1789ರಲ್ಲಿ 33 ಮೂಲವಸ್ತುಗಳ ಪಟ್ಟಿ ಕೊಟ್ಟರು. ಚಿನ್ನ ತಾನೇ ಒಂದು ಮೂಲವಸ್ತು ಅಂದಮೇಲೆ ಅದನ್ನು ಬೇರೆಯದರಿಂದ ಬೇಯಿಸಿ ತೆಗೆಯುವ ಮಾತು ಮುಗಿಯಿತು.

ಗುಟ್ಟು ಬಿಟ್ಟದ್ದು ಇನ್ನೊಂದು ದೊಡ್ಡ ಬದಲಾವಣೆ. ರಸವಾದಿಗಳು ಸಂಕೇತಗಳಲ್ಲಿ ಬರೆದರು, ಶಿಷ್ಯನ ಕಿವಿಯಲ್ಲಿ ಹೇಳಿದರು. ಕಲಿತವನು ಸತ್ತರೆ ಕಲಿಕೆಯೂ ಹೋಯಿತು. ನಮ್ಮ ದೇಶದಲ್ಲಿ ಎಷ್ಟು ಕೌಶಲ ಹೀಗೆ ಮಣ್ಣಾಯಿತೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ರಸಗ್ರಂಥಗಳನ್ನ ವಿಜ್ಞಾನಿಗಳು ಓದಿದ್ದಾರಾ?

ಓದಿದ್ದಾರೆ. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಸ್ವತಃ ರಸಾಯನ ವಿಜ್ಞಾನಿ. ಅವರು ಹಸ್ತಪ್ರತಿಗಳನ್ನು ತರಿಸಿ ಓದಿ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಲ್ಲಿ ತಂದರು. ಹೊಗಳಬೇಕಾದಲ್ಲಿ ಹೊಗಳಿದರು. ಕೈಯಿಂದ ಕೆಲಸ ಮಾಡುವವರನ್ನು ಕೀಳೆಂದು ದೂರ ಇಟ್ಟದ್ದರಿಂದ ನಮ್ಮ ವಿದ್ಯೆ ಸೊರಗಿತು ಎಂದೂ ಬರೆದರು. ಆ ಮಾತು ಇನ್ನೂ ಹಳತಾಗಿಲ್ಲ.

ಈಗ ಯಂತ್ರದಲ್ಲಿ ಸೀಸವನ್ನ ಚಿನ್ನ ಮಾಡಿದ್ದಾರಂತೆ, ಹೌದಾ?

ಹೌದು, ಲೆಕ್ಕಕ್ಕೆ ಸಿಗದಷ್ಟು. ಸೀಸದ ಪರಮಾಣುವಿನಲ್ಲಿ 82 ಪ್ರೋಟಾನ್, ಚಿನ್ನದಲ್ಲಿ 79. ಮೂರು ಕಳೆದರೆ ಆಯಿತು. ಒಲೆಯ ಬೆಂಕಿ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳನ್ನಷ್ಟೇ ಮುಟ್ಟುತ್ತದೆ, ಒಳಗಿನ ಬೀಜಕ್ಕೆ ತಲುಪುವುದಿಲ್ಲ. ಸಿದ್ಧರು ಸೋತದ್ದು ಇಲ್ಲಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ಬೀಜಗಳು ಬೆಳಕಿನ ವೇಗದ ಹತ್ತಿರ ಒಂದರ ಪಕ್ಕ ಒಂದು ಹಾದುಹೋಗುವಾಗ ಮೂರು ಪ್ರೋಟಾನ್ ಉದುರುವುದುಂಟು. 2015ರಿಂದ 2018ರವರೆಗೆ ಹೀಗೆ 8,600 ಕೋಟಿ ಚಿನ್ನದ ಬೀಜಗಳು ಹುಟ್ಟಿದವು ಎಂದು 2025ರಲ್ಲಿ ತಿಳಿಸಿದರು. ತೂಕ 29 ಪಿಕೋಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿ ಭಾಗ ಮಾಡಿ ಅದರಲ್ಲಿ 29. ಅದೂ ಕ್ಷಣದೊಳಗೆ ಚೂರಾಯಿತು.

ಪಾದರಸದ ಲಿಂಗ ಮನೆಯಲ್ಲಿ ಇಡಬಹುದಾ? ರಸದ ಔಷಧಿ ತಿನ್ನಬಹುದಾ?

ಯಾತ್ರಾಸ್ಥಳಗಳಲ್ಲಿ ಮಾರುವ ಗಟ್ಟಿ ಪಾದರಸ ಲಿಂಗದಲ್ಲಿ ಸಾಮಾನ್ಯವಾಗಿ ತವರವೋ ಸೀಸವೋ ಬೆರೆತಿರುತ್ತದೆ. ಭಕ್ತಿ ನಿಮ್ಮದು. ಆದರೆ ಅದಕ್ಕೆ ಎರೆದ ಹಾಲು, ನೀರನ್ನು ಕುಡಿಯಬೇಡಿ, ಮಕ್ಕಳಿಗೆ ಕೊಡಲೇಬೇಡಿ. ಬಿಸಿ ಮಾಡಬೇಡಿ. ಚಿನ್ನದ ಸರ ತಾಗಿಸಬೇಡಿ, ಬಿಳಿಚಿಕೊಳ್ಳುತ್ತದೆ.

ಔಷಧಿಯ ವಿಷಯದಲ್ಲಿ ಸಂತೆಯಲ್ಲಿ ಪೊಟ್ಟಣ ಕಟ್ಟಿಕೊಡುವ ಭಸ್ಮವನ್ನು ಮುಟ್ಟಬೇಡಿ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ (ಆರ್ಸೆನಿಕ್) ಸಿಕ್ಕಿದ್ದು 2004ರ ಸುದ್ದಿ. ಮೂತ್ರಪಿಂಡ, ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೇ ಹೋಗಬಹುದು. ಮೊದಲು ಡಾಕ್ಟರನ್ನು ಕೇಳಿ.

ಚಿನ್ನ ಡಬಲ್ ಮಾಡ್ತೀನಿ ಅಂತ ಬಂದವರನ್ನ ನಂಬಬಹುದಾ?

ಬೇಡ. ಡಬಲ್ ಆಗುವುದು ನಿಮ್ಮ ಸಾಲ ಮಾತ್ರ. ಅಕ್ಕಿಕಾಳು ಎಳೆಯುವ ತಾಮ್ರದ ಚೆಂಬು ಕೋಟಿ ಬಾಳುತ್ತದೆ ಎಂಬ ರೈಸ್ ಪುಲ್ಲಿಂಗ್ ಕೂಡ ಅದೇ ಜಾತಿಯ ಮೋಸ. ಯಾರಾದರೂ ಮನೆಗೆ ಬಂದರೆ ಪೊಲೀಸರಿಗೆ ಹೇಳಿ, ನಾಚಿಕೊಳ್ಳಬೇಡಿ. ಮೋಸ ಹೋದವರು ಮರ್ಯಾದೆಗೆ ಅಂಜಿ ಸುಮ್ನೆ ಕೂತರೆ ಆ ಗುಂಪು ಮುಂದಿನ ಊರಿಗೆ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ನಿಜವಾದ ಚಿನ್ನ ಇದೆಯಾ?

ಇದೆ. ಕರ್ನೂಲು ಜಿಲ್ಲೆಯ ಜೊನ್ನಗಿರಿ, ಅನಂತಪುರ ಸೀಮೆಯ ರಾಮಗಿರಿ, ಗಡಿ ದಾಟಿದರೆ ರಾಯಚೂರಿನ ಹಟ್ಟಿ. ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಸಿಗುವ ಕೆಲಸ. ಜೊನ್ನಗಿರಿ, ತುಗ್ಗಲಿ ಹೊಲಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಜನ ವಜ್ರ ಹುಡುಕುವುದನ್ನು ನೀವೂ ನೋಡಿರುತ್ತೀರಿ.

ರಸವಿದ್ಯೆಯ ಕೈ ಇಂದಿಗೂ ಓಡಾಡುವುದನ್ನು ನೋಡಬೇಕಾದರೆ ಅಕ್ಕಸಾಲಿಗರ ಓಣಿಗೆ ಬೆಳಗಾಗುವ ಮುಂಚೆ ಹೋಗಿ. ಜಲಗಾರರು ಅಂಗಡಿಗಳ ಮುಂದಿನ ದೂಳು ಗುಡಿಸಿ, ಚರಂಡಿಯ ಕೆಸರು ತೆಗೆದು, ಬಾಣಲೆಯಲ್ಲಿ ನೀರಾಡಿಸಿ ತೊಳೆಯುತ್ತಾರೆ. ಹಗುರಾದ ಮಣ್ಣು ಅಂಚಿನಿಂದ ಹೊರಹೋಗಿ ತಳದಲ್ಲಿ ಕಪ್ಪು ಮರಳು ಉಳಿಯುತ್ತದೆ. ಅದಕ್ಕೆ ಪಾದರಸ ಹಾಕಿ ಕೈಯಿಂದಲೇ ಕಲಸುತ್ತಾರೆ. ಬಟ್ಟೆಯಲ್ಲಿ ಹಿಂಡಿದರೆ ಪಾದರಸ ಸೋರಿ ಒಳಗೆ ಬೆಳ್ಳನೆಯ ಗುಂಡು ನಿಲ್ಲುತ್ತದೆ. ಅದನ್ನು ಕಾಯಿಸಿದರೆ ಸಾಸಿವೆಯಷ್ಟು ಚಿನ್ನ. ಆ ಆವಿಯನ್ನು ಅವರೂ, ಪಕ್ಕದಲ್ಲಿ ಕೂತ ಮಕ್ಕಳೂ ಉಸಿರಾಡುತ್ತಾರೆ. ಪಾದರಸದ ಬಳಕೆ ಕಡಿಮೆ ಮಾಡುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಒಪ್ಪಿತು. ಅದರ ಫಲ ಮೊದಲು ತಲುಪಬೇಕಾದದ್ದು ಈ ಜನರಿಗೆ.

ಮಕ್ಕಳಿಗೆ ತೋರಿಸುವಂಥದ್ದು ಏನಾದ್ರೂ ಇದೆಯಾ?

ದೊಡ್ಡವರೊಬ್ಬರು ಜೊತೆಗಿದ್ದು ಮಾಡಿಸಿ. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಸಿಗುತ್ತದೆ. ಒಂದು ಚಮಚವನ್ನು ಗಾಜಿನ ಲೋಟದ ನೀರಲ್ಲಿ ಕರಗಿಸಿ, ನೀಲಿ ನೀರಾಗುತ್ತದೆ. ಕಬ್ಬಿಣದ ಮೊಳೆಯನ್ನು ಮರಳು ಕಾಗದದಲ್ಲಿ ಉಜ್ಜಿ ಅದರೊಳಗೆ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಮುಳುಗಿದ ಭಾಗ ತಾಮ್ರದ ಕೆಂಪಾಗುತ್ತದೆ. ಮೊಳೆಯೇ ತಾಮ್ರ ಆಯ್ತು ಎಂದು ಮಕ್ಕಳು ಕೂಗುತ್ತಾರೆ. ಆಗ ಮೊಳೆಯನ್ನು ಅರದಿಂದ ಉಜ್ಜಲು ಹೇಳಿ, ಒಳಗೆ ಕಬ್ಬಿಣವೇ ಇರುತ್ತದೆ. ಅಯಸ್ಕಾಂತ ಹಿಡಿದರೆ ಈಗಲೂ ಅಂಟುತ್ತದೆ. ಲೋಟವನ್ನು ಇಡೀ ದಿನ ಬಿಟ್ಟರೆ ನೀಲಿ ಬಣ್ಣ ಕಮ್ಮಿಯಾಗಿ ಹಸಿರು ಛಾಯೆ ಬರುತ್ತದೆ, ಏಕೆಂದರೆ ತಾಮ್ರ ಹೊರಬಂದಷ್ಟೂ ಕಬ್ಬಿಣ ನೀರಿಗೆ ಹೋಗಿರುತ್ತದೆ. ಮೈಲುತುತ್ತ ವಿಷ. ಕೈ ಸೋಪಿನಿಂದ ತೊಳೆಯಿರಿ, ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.